ಬೀರಿನ ಕೂಸು

ಪ್ರೀತಿಯ ಕ್ಲೋತಿಲ್ಡಾ ಅತ್ತೆಗೆ,

ನೀವು ಇನ್ನೂ ಹಿರಿಯರ ಕಡೆಗಿನ ನದಿ ದಾಟಿರಲಾರಿರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿಮಗೆ ಓದು ಬಾರದು, ನನಗೆ ಗೊತ್ತು. ಆದರೆ ಅಂಗಳದಲ್ಲಿ ಅರ್ಧ ನಾಂಡೊಮ್ ಊರೇ ಕೂತು ನಿಮ್ಮ ಹೆಸರಿನಲ್ಲಿ ಕುಡಿಯುತ್ತಿದೆ, ಒಳಗೆ ಮಾತಾಡಲು ನನಗೆ ಯಾರೂ ಇಲ್ಲ. ನಿಮ್ಮ ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಮಗಳ ಶಾಲೆಯ ಪೆನ್ನು ಹಿಡಿದಿದ್ದೇನೆ.

ಕಡಲ ದಂಡೆಯಲ್ಲಿ ಮೀನು ಹೊಗೆಗೆ ಹಾಕುವವರ ಮಗಳು ನಾನು. ನಿಮ್ಮ ಮಗ ಝಿಯೆಮ್ ಜತೆ ಬಡಗಣದ ಈ ಒಣ ಊರಿಗೆ ಬಂದಿಳಿದಾಗ ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೀನಿನ ವಾಸ್ನೆ ಹೋಗೋವರೆಗೂ ನನ್ನ ಗಡಿಗೆ ಹತ್ರ ಬರಬೇಡ" ಎಂದಿರಿ. ನಿಮ್ಮ ಭಾಷೆಯ ಆ ಮಾತು ನನಗೆ ಅರ್ಥವಾಗಲಿಲ್ಲ, ನಾನು ನಕ್ಕೆ. ನೀವೂ ನಕ್ಕಿರಿ. ಆಮೇಲೆ ಯಾರೋ ಅರ್ಥ ಹೇಳಿದಾಗ ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ಅತ್ತು ಮುಗಿಯುವ ಹೊತ್ತಿಗೆ ನೀವೇ ಒಂದು ಸೋರೆ ಬುರುಡೆ ತುಂಬ ಬೆಚ್ಚನೆಯ ಸಿಹಿ ರಸ ತಂದು ಕೊಟ್ಟಿರಿ. ಅದು ಇನ್ನೂ ಹುದುಗು ಬೀಳದ ಪಿಟೋ, ನಿಮ್ಮ ಜೋಳದ ಬೀರು. ಜೋಳದಿಂದ ಇಂಥ ರುಚಿ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಂದಿನಿಂದ ಶುರುವಾಯಿತಲ್ಲ ನನ್ನ ಪ್ರಶ್ನೆಗಳ ಕಾಟ. ಮೊಳಕೆ ಕಟ್ಟಿದ ಜೋಳವನ್ನು ಎಷ್ಟು ಒಣಗಿಸಬೇಕು, ಎಷ್ಟು ಕುದಿಸಬೇಕು, ಯಾವಾಗ ಇಳಿಸಬೇಕು. ಒಂದಕ್ಕೂ ನೆಟ್ಟಗೆ ಉತ್ತರ ಕೊಟ್ಟವರಲ್ಲ ನೀವು. ಬೆಂಡೆಯ ಕಾಂಡ ಜಜ್ಜಿ, ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಹಿಟ್ಟಿನ ಗಡಿಗೆಗೆ ಸುರಿದು, ಮಂದ ಕೆಳಗಿಳಿದು ತಿಳಿ ಮೇಲೆ ನಿಲ್ಲುವುದನ್ನು ಕಾಯುವಾಗ ನಾನು ನಿಮಿಷಕ್ಕೊಮ್ಮೆ ಸೌಟು ಹಾಕಿ ನೋಡುತ್ತಿದ್ದೆ. "ಅತ್ತೆ, ತಿಳಿ ಯಾವಾಗ ಆಗತ್ತೆ?" ಎಂದು ಕೇಳಿದರೆ, "ನೀನು ಕೈ ತೆಗೆದಾಗ" ಎಂದು ನೀವು. ಹುದುಗು ಹಾಕುವಾಗ ಬೀರು ಎಷ್ಟು ಬೆಚ್ಚಗಿರಬೇಕು ಎಂದರೆ, "ಕೂಸಿಗೆ ಎರೆಯೋ ನೀರಿನಷ್ಟು. ಎರೆದಿಲ್ವಾ ನೀನು?" ನೊರೆ ಬರದಿದ್ದರೆ ಏನು ಮಾಡಬೇಕು ಎಂದದ್ದಕ್ಕಂತೂ ನೀವು ಸೊಂಟದ ಮೇಲೆ ಕೈಯಿಟ್ಟು, "ಬರೋವರೆಗೂ ಬೇರೆ ಕೆಲಸ ಮಾಡಬೇಕು. ಹೆರಿಗೆ ಮನೆ ಬಾಗಿಲಲ್ಲಿ ಗಂಡ ನಿಂತ ಹಾಗೆ ನಿಂತಿದ್ದೀಯಲ್ಲೇ!" ಎಂದಿರಿ. ಅಂಗಳದ ಗಿರಾಕಿಗಳೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಕೂಸು ಎಂದ ಕೂಡಲೇ ನಿಮಗೂ ಆ ದಿನ ನೆನಪಾಗಿರುತ್ತದೆ, ಬಿಡಿ. ನಿಮ್ಮ ಭಾಷೆಯಲ್ಲಿ ಹುದುಗಿಗೆ ಬೀರಿನ ಕೂಸು ಎನ್ನುತ್ತಾರೆಂದು ಈ ಕಡಲಿನವಳಿಗೆ ಹೇಗೆ ಗೊತ್ತಾಗಬೇಕು? ನೀವು ಒಲೆಯ ಮುಂದಿನಿಂದ ಕೂಗಿದಿರಿ, "ಮಾನ್ಸಾ, ಕೂಸನ್ನ ಬಿಸಿಲಿಗೆ ಹಾಕು, ಚೆನ್ನಾಗಿ ಒಣಗ್ಲಿ!" ಈ ಊರಿನ ಪದ್ಧತಿಯೇ ಕ್ರೂರ ಎಂದುಕೊಂಡು, ಕಣ್ಣೀರು ನುಂಗಿ, ತೊಟ್ಟಿಲ ಮಗಳನ್ನು ತಂದು ಅಂಗಳದ ಚಾಪೆಯ ಮೇಲೆ ಮಲಗಿಸಿದೆ. ನೀವು ಸೌಟು ಹಿಡಿದೇ ಓಡಿ ಬಂದಿರಿ. "ಅಯ್ಯೋ ನಿನ್ನ, ನನ್ನ ಮೊಮ್ಮಗಳನ್ನೇ ಒಣಗಿಸ್ತೀಯೇನೇ!" ಆ ವರ್ಷವಿಡೀ ಸಂತೆಗೆ ಹೋದರೆ ಹೆಂಗಸರು, "ಕೂಸು ಒಣಗಿತಾ ತಾಯಿ?" ಎಂದು ಕೇಳುತ್ತಿದ್ದರು. ಆದರೆ ಅತ್ತೆ, ಆ ದಿನದಿಂದಲೇ ನೀವು ನನ್ನೊಬ್ಬಳನ್ನೇ ಗಡಿಗೆಯ ಹತ್ತಿರ ಬಿಟ್ಟದ್ದು. ಹೇಳಿದ್ದನ್ನು ಪ್ರಶ್ನೆ ಕೇಳದೆ ಮಾಡಿದ್ದು ಅದೊಂದೇ ಸಲ ಎಂದು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಿರಿ.

ನೀವು ಹೋದ ಮೇಲೆ, ಸತ್ತವರಿಗೆ ಮಾಡುವ ಕಹಿ ಬೀರಿನ ಶಾಸ್ತ್ರ ಹೇಗೋ ಮುಗಿಯಿತು. ಅದನ್ನು ನಿಮ್ಮ ನಾದಿನಿ ಯೂಲೇಲಿಯಾ ಅತ್ತೆ ತಮ್ಮ ಮನೆಯಲ್ಲೇ ಮಾಡಿದರು. ಉಳಿದದ್ದು ಕೊನೆಯ ತಣ್ಣನೆಯ ಬೀರು. ಅದನ್ನು ಕುಡಿದ ಮೇಲಲ್ಲವೇ ಹೋದವರು ಹಿರಿಯರ ಕಡೆಗೆ ನಡೆಯುವುದು? ಅದು ಈ ಮನೆಯಲ್ಲೇ ಆಗಬೇಕು, ಸೊಸೆಯ ಕೈಯಲ್ಲೇ ಆಗಬೇಕು. ನಾನು ಮುಂದೂಡುತ್ತಲೇ ಬಂದೆ. ಜೋಳ ಸರಿಯಿಲ್ಲ ಎಂದೆ, ಸೌದೆ ಹಸಿ ಎಂದೆ, ಬೆನ್ನು ನೋವೆಂದೆ. ಕಡೆಗೆ ಝಿಯೆಮ್ ಬೇಸರದಿಂದ, "ಅಮ್ಮನ್ನ ಎಷ್ಟು ದಿನ ಅಂತ ಬಾಗಿಲಲ್ಲೇ ನಿಲ್ಲಿಸ್ತೀಯ, ಮಾನ್ಸಾ?" ಎಂದರು. ನೀವು ಬಾಗಿಲಲ್ಲಾದರೂ ಇದ್ದೀರಲ್ಲ ಎಂಬುದೇ ನನಗೆ ಸಮಾಧಾನವಾಗಿತ್ತು.

ಇನ್ನೊಂದು ಸಂಕಟವೂ ಇತ್ತು. ಒಲೆಯ ಮೇಲೆ ತೂಗುಹಾಕಿದ ಬುರುಡೆಯಲ್ಲಿ ನೀವು ಕೊನೆಯ ಸಲ ಒಣಗಿಸಿಟ್ಟ ಹುದುಗು ಹಾಗೇ ಇತ್ತು. ನಿಮ್ಮ ಬೆರಳ ಗುರುತು ಸಹ ಅದರ ಮೇಲಿತ್ತು. ಅದನ್ನು ಕರಗಿಸಿಬಿಟ್ಟರೆ ನಿಮ್ಮ ಕೈಯದು ಎನ್ನುವಂಥದ್ದು ಈ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಸಂತೆಯಿಂದ ಬೇರೆ ಹುದುಗು ತರುತ್ತೇನೆ ಎಂದೆ. ಬೀರು ಆರಿಸುವ ಹೊತ್ತಿಗೆ ಬಂದ ಯೂಲೇಲಿಯಾ ಅತ್ತೆ ಕೇಳಿಸಿಕೊಂಡು ಸುಮ್ಮನಿರುತ್ತಾರೆಯೇ? ಅವರು ಇಷ್ಟು ವರ್ಷ ನನ್ನನ್ನು ಮೀನಿನವಳು ಎಂದೇ ಕರೆದವರು.

"ನೋಡು ಮೀನಿನವಳೇ, ಹುದುಗು ಇಟ್ಟುಕೊಳ್ಳೋಕಲ್ಲ, ಹಾಕೋಕೆ. ಇಟ್ಟರೆ ಸಾಯತ್ತೆ. ಹಾಕಿದರೆ ಗಡಿಗೆ ತಳದಲ್ಲಿ ಮರಿ ಹಾಕತ್ತೆ. ಇದೂ ಹೇಳಿಕೊಡಲಿಲ್ವಾ ನಮ್ಮತ್ತಿಗೆ?"

ಹೇಳಿಕೊಟ್ಟಿದ್ದಿರಿ. ನಿಮ್ಮ ಪಕ್ಕ ಕೂತು ಎಷ್ಟೋ ಸಲ ತಳದ ಗಸಿ ಕೆರೆದವಳು ನಾನೇ ಅಲ್ಲವೇ? ಆದರೂ ನಿಮ್ಮ ಬೆರಳ ಗುರುತಿನ ಮೇಲೆ ಒಮ್ಮೆ ನನ್ನ ಬೆರಳಿಟ್ಟು, ಆಮೇಲೆ ಪುಡಿ ಮಾಡಿದೆ. ಹಾಕಿ ಮುಚ್ಚಿದೆ. ನೊರೆ ಬರಲಿಲ್ಲ. ಬಿಸಿ ಹೆಚ್ಚಾಗಿತ್ತೇ, ಇಲ್ಲ ತೀರ ಆರಿಹೋಗಿತ್ತೇ, ಹುದುಗೇ ಸತ್ತಿತ್ತೇ ಎಂದು ಹೊಸ ಸೊಸೆಯ ಹಾಗೆ ಒಂದೊಂದಾಗಿ ಕೇಳುತ್ತಾ ಗಡಿಗೆಯ ಸುತ್ತ ತಿರುಗಿದೆ. ಬೈಯಲು ನೀವಿರಲಿಲ್ಲ. ಯೂಲೇಲಿಯಾ ಅತ್ತೆ ಕಷ್ಟಪಟ್ಟು ಮಂಡಿಯೂರಿ, ಗಡಿಗೆಗೆ ಕಿವಿಯಿಟ್ಟು ಹೇಳಿದರು: "ಮಾತಾಡ್ತಾ ಇದೆ ಕಣೇ. ನೀನು ಬಾಯಿ ಮುಚ್ಚಿದರೆ ಕೇಳ್ಸತ್ತೆ."

ನಾನೂ ಕಿವಿಯಿಟ್ಟೆ. ಒಳಗೆ ಸಣ್ಣಗೆ ಸಿರ್ ಎನ್ನುತ್ತಿತ್ತು. ಇಬ್ಬರೂ ಗಡಿಗೆಯ ಎರಡು ಕಡೆ ಕೂತು ಅತ್ತೆವು.

ಇವತ್ತು ಬೆಳಿಗ್ಗೆ ಊರಿನ ಯಜಮಾನರು ಹಿರಿಯರ ಹೆಸರಿನಲ್ಲಿ ನೆಲಕ್ಕೆ ಬೀರು ಎರೆದ ಮೇಲೆ ಮೊದಲ ಬುರುಡೆ ನನ್ನ ಕೈಗೆ ಬಂತು. ಮಾಡಿದವಳೇ ಮೊದಲು ಕುಡಿದು, ವಿಷವಿಲ್ಲವೆಂದು ತೋರಿಸಬೇಕು. ಪಿಟೋ ಕೆಂಪಗೆ, ತಿಳಿಯಾಗಿ, ಬುರುಡೆಯ ತಳ ಕಾಣುವಂತಿತ್ತು. ನೀವು ನೋಡಿದ್ದರೆ ಏನಾದರೂ ಹುಳುಕು ಹುಡುಕದೆ ಬಿಡುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ನನಗೆ ಬುರುಡೆ ಬಾಯಿಯವರೆಗೆ ಎತ್ತಲಾಗಲಿಲ್ಲ. ಕುಡಿದರೆ ನೀವು ಹೊರಡುತ್ತೀರಿ. ಯಾರೋ ಗೊಣಗಿದರು, ನಮ್ಮವಳಲ್ಲ ನೋಡಿ, ಶಾಸ್ತ್ರ ಗೊತ್ತಿಲ್ಲ ಎಂದು. ಯೂಲೇಲಿಯಾ ಅತ್ತೆ ಅವರ ಕಡೆ ತಿರುಗಿಯೂ ನೋಡದೆ ನನ್ನ ಮೊಣಕೈ ಹಿಡಿದರು.

"ಕುಡಿ ಮಗಳೇ," ಎಂದರು. "ಬಾಗಿಲಲ್ಲಿ ನಿಂತು ನಿಂತು ಅವಳ ಕಾಲು ನೋಯ್ತಿರತ್ತೆ."

ಕುಡಿದೆ, ಅತ್ತೆ. ಪೂರ್ತಿ ಕುಡಿದೆ.

ನಿಮ್ಮ ದಾರಿ ತಂಪಾಗಿರಲಿ, ನದಿಯ ನೀರು ಮೊಣಕಾಲು ಮೀರದಿರಲಿ. ಹೋಗಿ, ಹಿರಿಯರ ಪಕ್ಕ ನೆರಳಲ್ಲಿ ಕಾಲು ಚಾಚಿ ಕೂತುಕೊಳ್ಳಿ.

ಇಂತಿ ನಿಮ್ಮ ಸೊಸೆ,
ಮಾನ್ಸಾ