ಮೂರನೆಯ ಗುಂಡಿ

ಧಾರೇಶ್ವರ
೧೨ ಮೇ ೨೦೨೫

ಪ್ರೀತಿಯ ಪ್ರಕಾಶಣ್ಣಾ,

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಅಕ್ಷರ ಕಂಡ ಕೂಡಲೇ ನೀನು ಅಪ್ಪನಿಗೆ ಏನೋ ಆಯಿತು ಎಂದು ಹೆದರುತ್ತೀಯ. ಅಪ್ಪನ ಕಾಲುನೋವು ಕಡಿಮೆಯಾಗಿದೆ. ಸಂಜೆ ದೇವಸ್ಥಾನದ ತನಕ ನಡೆದು, ಸಮುದ್ರ ನೋಡಿ ಬರುತ್ತಾನೆ. ಮಣ್ಣಿನ ವಿಷಯ ಏನಾಯಿತು ಎಂದು ನೀನು ಮೇಲಿಂದ ಮೇಲೆ ಕೇಳಿದರೂ ನಾನು ಉತ್ತರ ಕೊಡಲಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ನಾವಿಬ್ಬರೂ ಮಾತು ಮುಗಿಯುವ ಮೊದಲೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಹೋದ ತಿಂಗಳು ನೀನು ವಾಸ್ಕೋದಿಂದ ಫೋನು ಮಾಡಿ, "ನಮ್ಮೂರು ಹೊನ್ನೆಕೊಡ್ಲಲ್ಲೇ ಮನೆ ಕಟ್ತೆ. ಹೆತ್ತ ಆಯಿ ಇರೂ ಜಾಗ ಬಿಟ್ಟು ಎಲ್ಲಿಗೆ ಹೋಗೂದು?" ಎಂದೆ. ಗುಡ್ಡ ಜರಿದ ಜಾಗದಲ್ಲಿ ಮಣ್ಣು ನೋಡದೆ ಒಂದು ಕಲ್ಲನ್ನೂ ಇಡಬಾರದು ಎಂದು ನಾನು ಕೂಗಾಡಿದೆ. "ನಿನ್ನ ಬಸ್‌ಸ್ಟ್ಯಾಂಡ್ ಪುಸ್ತಕ ಒಲೆಗೆ ಹಾಕು" ಎಂದು ನೀನು ಫೋನಿಟ್ಟೆ. ಹಾಕಿಲ್ಲ. ಗುಡ್ಡ ಕುಸಿತದ ಬಗ್ಗೆ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಹಂಚುವ ಆ ಕಿರುಹೊತ್ತಿಗೆಗಳನ್ನು ಜನ ಕಡಲೆ ಕಟ್ಟಲು ಬಳಸುತ್ತಾರೆ, ನಾನು ಓದುತ್ತೇನೆ. ಗುಡ್ಡ ತಾನಾಗಿ ಬೀಳುವುದಿಲ್ಲ, ಬೀಳಿಸಿದವರು ಇರುತ್ತಾರೆ ಎಂದು ನನಗೆ ಕಲಿಸಿದ್ದು ಅವೇ. ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಒಂದು ಮಾತನ್ನು ನೀನೂ ನಾನೂ ಈ ತನಕ ಪೂರ್ತಿ ಆಡಿಲ್ಲ. ಈಗ ಬರೆಯುತ್ತೇನೆ. ಹಿಂದಿನ ವರ್ಷದ ಆಚೆ ವರ್ಷ, ದೀಪಾವಳಿ ಹತ್ತಿರ ಬಂದಾಗ, ಹೊಸ್ತಿಲಿಗೆ ಎಳೆ ಬರೆಯಲು ಬಿಳಿ ಶೇಡಿ ಮಣ್ಣು ತರುತ್ತೇನೆಂದು ಆಯಿ ಬುಟ್ಟಿ ಹಿಡಿದು ಗುಡ್ಡದ ಬುಡಕ್ಕೆ ಹೋದಳು. ಬಿಟ್ಟೂಬಿಡದೆ ಸುರಿದ ಮಳೆ ಆಗಷ್ಟೇ ನಿಂತಿತ್ತು. ಗುಡ್ಡ ಅವಳನ್ನೂ ನಮ್ಮ ಮನೆಯನ್ನೂ ಒಟ್ಟಿಗೆ ತೆಗೆದುಕೊಂಡಿತು. ಆಮೇಲೆ ಹಂಚು ಸಿಕ್ಕಿತು, ಬಾಗಿಲು ಸಿಕ್ಕಿತು, ರುಬ್ಬುವ ಕಲ್ಲೂ ಸಿಕ್ಕಿತು. ಆಯಿ ಸಿಗಲಿಲ್ಲ.

ಹೋದ ವಾರ ಕುಮಟೆಯಿಂದ ಶಾಂಭವಿ ಮೇಡಂ ಬಂದರು. ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರು, ಸಂತೆಗುಳಿ ಕಡೆಯವರು. ಅಗೆಯಲು ನಮ್ಮ ದೇವು ಮತ್ತು ಶುಕ್ರ. ನೀನು ಮಾತಾಡಿದ್ದ ಗುತ್ತಿಗೆದಾರ ಮಧುಸೂದನನೂ ಬಿಳಿ ಅಂಗಿ ಹಾಕಿಕೊಂಡು ಬಂದು ಗೇರುಮರದ ನೆರಳಿನಲ್ಲಿ ನಿಂತ. "ಎಂತ ತಂಗೀ, ಈಗ ಮಣ್ಣಿಗೂ ಡಾಕ್ಟ್ರಾ?" ಎಂದು ಅವನು ಕೇಳಿದ. "ಇಷ್ಟು ಗಟ್ಟಿ ಕಲ್ಲು ಅದೆ. ಮೂರು ಮಾಳಿಗೆ ಎಬ್ಬಿಸ್ಲಕ್ಕು."

ಮೊದಲ ಗುಂಡಿಯನ್ನು ನೀನು ಮನೆಗೆಂದು ಗುರುತು ಹಾಕಿಟ್ಟ, ಗುಡ್ಡದ ಮೇಲಿನ ಹಕ್ಕಲು ಜಾಗದಲ್ಲೇ ತೆಗೆದೆವು. ಮೇಲೆ ಕೆಂಪುಕಲ್ಲು, ನಿಜಕ್ಕೂ ಗಟ್ಟಿ, ಪಿಕಾಸು ಬಡಿದರೆ ಕಿಡಿ ಹಾರುತ್ತಿತ್ತು. ಮಧುಸೂದನ ನನ್ನನ್ನು ನೋಡಿ ನಕ್ಕ. ಶುಕ್ರನ ಎದೆಯ ಮಟ್ಟಕ್ಕೆ ಇಳಿದಾಗ ಕಲ್ಲು ಮುಗಿಯಿತು. ಕೆಳಗೆ ಹಳದಿ ಮಣ್ಣು, ಅದರ ಕೆಳಗೆ ಶೇಡಿ. ಬೆಳ್ಳಗೆ, ನುಣ್ಣಗೆ, ಹೊರಗೆ ಸುಡುವ ಬಿಸಿಲಿದ್ದರೂ ಒದ್ದೆ. ಶಾಂಭವಿ ಮೇಡಂ ಬೆರಳಲ್ಲಿ ಹಿಸುಕಿ ನೋಡಿ, "ಧನ್ಯಾ, ಈ ಕೆಂಪುಕಲ್ಲು ಬರೀ ಮುಚ್ಚಳ. ಮನೆ ಮುಚ್ಚಳದ ಮೇಲೆ ನಿಲ್ತದೆ. ಮುಚ್ಚಳ ಎಂತದ್ರ ಮೇಲೆ ನಿಲ್ಲೂದು?" ಎಂದರು.

ಮಧುಸೂದನ ಸುಮ್ಮನಿರಲಿಲ್ಲ. "ಹೆಂಗಸ್ರು ಬುಡದಲ್ಲಿ ಶೇಡಿ ತೆಗ್ದು ತೆಗ್ದು ಗುಡ್ಡ ಪೊಳ್ಳು ಮಾಡಿದ್ರು. ಅದಕ್ಕೇ ಬಿದ್ದದ್ದು. ಈಗ ತೆಗೆಯೋರಿಲ್ಲ, ಇನ್ನು ಬೀಳೂದಿಲ್ಲ" ಎಂದ.

ನನಗೆ ಮೈಯೆಲ್ಲ ಉರಿಯಿತು. "ಹೌದಾ ಮಧುಸೂದನಣ್ಣಾ? ಹಬ್ಬಕ್ಕೆ ಒಂದು ಬುಟ್ಟಿ ಹೊತ್ತವರಿಂದ ಗುಡ್ಡ ಬಿತ್ತು, ಜೆಸಿಬಿ ತಂದು ನೆಟ್ಟಗೆ ಕಡಿದ ರಸ್ತೆಯಿಂದ ಎಂತದೂ ಆಗ್ಲಿಲ್ಲ, ಅಲ್ದಾ? ಆ ರಸ್ತೆ ಕಡ್ದವರು ಯಾರು?" ಎಂದೆ. ಅವನಿಗೆ ಇದ್ದಕ್ಕಿದ್ದಂತೆ ಯಾರದೋ ಫೋನು ಬಂತು. ಗುಂಡಿಯೊಳಗಿಂದ ಶುಕ್ರ, "ದೇವಣ್ಣಾ, ಗುದ್ದಲಿ ಕೆಳಗಿಡೋ. ಭಾಷಣ ಸುರು ಆತು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಗುಡ್ಡದ ಮೇಲೆ ನಗುವುದು ಸರಿಯೇ ಎಂದು ನಕ್ಕ ಮೇಲೆ ಅನ್ನಿಸಿತು.

ಎರಡನೆಯ ಗುಂಡಿ ಜರಿದ ಅಂಚಿಗೆ ಹತ್ತಿರ. ಅಲ್ಲಿ ಅಗೆಯುವುದೇ ಬೇಕಾಗಲಿಲ್ಲ ಎನ್ನಬಹುದು. ತರಗೆಲೆ ಸರಿಸಿದಾಗ ಕೈ ತೂರುವಷ್ಟು ಅಗಲದ ಬಿರುಕು ಕಂಡಿತು, ಹಕ್ಕಲಿನ ಉದ್ದಕ್ಕೂ ಹಾವಿನ ಹಾಗೆ ಹೋಗಿದೆ. ದೇವು ಉದ್ದನೆಯ ಗಳ ಇಳಿಸಿದ. ಅದು ತಳ ಮುಟ್ಟಲಿಲ್ಲ. ನಾನು ಬಗ್ಗಿ ನೋಡಿದೆ. ಒಳಗಿನಿಂದ ತಣ್ಣನೆಯ ಗಾಳಿ ನನ್ನ ಮುಖಕ್ಕೆ ಬಂತು, ಅಣ್ಣಾ. ಮೇ ತಿಂಗಳ ನಡುಮಧ್ಯಾಹ್ನ. ನಮ್ಮ ಹಳೆಯ ಮನೆಯ ದೇವರ ಕೋಣೆಯ ಬಾಗಿಲು ತೆಗೆದಾಗ ಬರುತ್ತಿತ್ತಲ್ಲ, ಅದೇ ತಂಪು. ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ.

ಮೂರನೆಯದನ್ನು ಕೆಳಗೆ, ಜರಿದು ಬಿದ್ದ ಮಣ್ಣಿನ ರಾಶಿಯಲ್ಲಿ ತೆಗೆಸಿದೆ. ಬುಡ ನೋಡದೆ ಇಳಿಜಾರನ್ನು ತೀರ್ಮಾನಿಸಬಾರದು ಎಂದು ಕಿರುಹೊತ್ತಿಗೆಯಲ್ಲಿದೆ. ಅಲ್ಲಿ ಕೆಂಪೂ ಬಿಳುಪೂ ಕಲಸಿಹೋಗಿದೆ, ಹೇಳುವಂಥದ್ದೇನೂ ಇಲ್ಲ. ಕೆಲಸ ಮುಗಿದ ಮೇಲೆ ಗುಂಡಿಗಳನ್ನು ಮುಚ್ಚಿಸಿದ್ದೇನೆ.

ಶಾಂಭವಿ ಮೇಡಂ ಹೇಳಿದ್ದನ್ನು ಸುತ್ತಿಬಳಸದೆ ಬರೆಯುತ್ತೇನೆ. ಅಲ್ಲಿ ಮನೆ ಬೇಡ. ಕಾಂಕ್ರೀಟು ಗೋಡೆ ಕಟ್ಟಿದರೂ ಬೇಡ, ಎಷ್ಟು ಆಳ ಪಾಯ ತೆಗೆದರೂ ಬೇಡ. ಬಿರುಕಿಗೆ ನೀರು ಇಳಿದರೆ ಹಕ್ಕಲು ಪೂರ್ತಿ ಹೋದೀತು, ಈ ಮಳೆಗಾಲವೋ ಇನ್ನೊಂದೋ ಎಂಬುದಷ್ಟೇ ಪ್ರಶ್ನೆ ಎಂದರು.

ನೀನು ನಂಬಲಿಕ್ಕಿಲ್ಲ ಎಂದು ಮನೆಗೆ ಎರಡು ಹೆಂಟೆ ತಂದು, ಎರಡು ಗ್ಲಾಸು ನೀರಿಗೆ ಹಾಕಿ ಕಿಟಕಿಯಲ್ಲಿಟ್ಟೆ. ಕೆಂಪುಕಲ್ಲಿನ ಚೂರು ಹಾಗೇ ಕೂತಿತು. ಶೇಡಿಯ ಹೆಂಟೆ ಮೊದಲು ಗುಳ್ಳೆ ಬಿಟ್ಟಿತು, ಉಸಿರಾಡುವ ಹಾಗೆ. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡು ಕುಸಿಯಿತು. ಚಾ ಕುಡಿಯುತ್ತಿದ್ದ ಅಪ್ಪನಿಗೆ, "ನೋಡು, ನಿನ್ನ ಮಗ ಇದರ ಮೇಲೆ ಮನೆ ಕಟ್ತಾನಂತೆ" ಎಂದೆ. ಅಪ್ಪ ಹತ್ತಿರ ಬಂದು ಬೆಳ್ಳಗಾದ ನೀರನ್ನು ನೋಡುತ್ತ ನಿಂತ. "ನಿನ್ನ ಆಯಿ ತೆಂಗಿನ ಗೆರಟೆಲಿ ಕಲಸ್ತಿದ್ಲಲೆ, ಹಂಗೇ ಅದೆ" ಎಂದ. ಮತ್ತೆ ಚಾ ಕುಡಿಯಲಿಲ್ಲ. ಆ ಗ್ಲಾಸನ್ನು ಚೆಲ್ಲಲು ನನಗೆ ಮನಸ್ಸಾಗಿಲ್ಲ. ಶೇಡಿ ತಳಕ್ಕೆ ಕೂರುತ್ತದೆ, ನೀರು ತಿಳಿಯಾಗುತ್ತದೆ. ಅಪ್ಪ ಅತ್ತ ಹೋಗುವಾಗ ಒಮ್ಮೆ ಅಲುಗಿಸಿ ಹೋಗುತ್ತಾನೆ.

ಇಲ್ಲೇ ಧಾರೇಶ್ವರದಲ್ಲಿ, ಹೊನ್ನಾವರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಮಟ್ಟಸ ಜಾಗವೊಂದಿದೆ. ಮಣ್ಣು ಮರಳುಮಿಶ್ರ. ಬಾವಿಯ ನೀರು ಬೇಸಿಗೆಯಲ್ಲಿ ಸ್ವಲ್ಪ ಉಪ್ಪಂತೆ, ಇರಲಿ. ಶಾಂಭವಿ ಮೇಡಂ ಅದನ್ನೂ ನೋಡಿಕೊಡುತ್ತಾರೆ. ಆಯಿ ಇರುವ ಜಾಗ ಬಿಡುವುದಿಲ್ಲ ಎನ್ನಬೇಡ. ಆಯಿ ನಿನ್ನನ್ನು ಆ ಬಿರುಕಿನ ಮೇಲೆ ಮಲಗಿಸುತ್ತಿದ್ದಳೇ, ನೀನೇ ಹೇಳು.

ಅತ್ತಿಗೆಗೆ ಏಳನೇ ತಿಂಗಳು, ಭಾರ ಎತ್ತಲು ಬಿಡಬೇಡ. ಅಪ್ಪ ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾನೆ. ನಾನು ಕಿರಿಯಳು, ಹರಸುವ ಹಕ್ಕು ನನಗಿಲ್ಲ. ಆದರೂ ಹುಟ್ಟುವ ಮಗು ಮಳೆಯ ಸದ್ದಿಗೆ ಎದ್ದು ಕೂರದಂಥ ಮನೆಯಲ್ಲಿ ನಿದ್ದೆ ಮಾಡಲಿ ಎಂದು ಹಾರೈಸುತ್ತೇನೆ.

ನಿನ್ನ ಜಗಳಗಂಟಿ ತಂಗಿ,
ಧನ್ಯಾ

ತಾ.ಕ.: ಗುಂಡಿಗಳನ್ನು ಮುಚ್ಚಿಸಿದ್ದೇನೆ ಎಂದು ಮೇಲೆ ಬರೆದೆ. ಮೇಲಿನ ಎರಡನ್ನು ಮಾತ್ರ.

ಎರಡೇ ಸಾಕು, ಕೆಳಗೆ ಯಾಕೆ, ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲವಲ್ಲ ಎಂದು ಶಾಂಭವಿ ಮೇಡಂ ಕೇಳಿದ್ದರು. ನಾನು ಕಿರುಹೊತ್ತಿಗೆಯ ಪುಟ ತೆಗೆದು ತೋರಿಸಿದೆ. ಅವರು ಪುಟ ನೋಡಲಿಲ್ಲ, ನನ್ನ ಮುಖ ನೋಡಿದರು. "ಆತು, ತೆಗೀಲಿ" ಎಂದರು. ಕೆಳಗೆ ಇಳಿದ ಮೇಲೆ ದೇವು ಪಿಕಾಸನ್ನು ಆಚೆ ಇಟ್ಟ. ನಾನು ಹೇಳಿರಲಿಲ್ಲ. ಅವನೂ ಶುಕ್ರನೂ ಕೈಯಿಂದಲೇ ಮಣ್ಣು ಸರಿಸಿದರು. ಶುಕ್ರ ಒಂದೂ ತಮಾಷೆ ಮಾಡಲಿಲ್ಲ.

ಹುಡುಕುವುದನ್ನು ನಿಲ್ಲಿಸಿ ಜೆಸಿಬಿಗಳು ಹಿಂದೆ ಹೊರಟ ದಿನ ನೀನು ಅವುಗಳೆದುರು ರಸ್ತೆಯಲ್ಲಿ ಮಲಗಿದೆ. ನಿನ್ನ ತೋಳು ಹಿಡಿದು ಎಬ್ಬಿಸಿದವಳು ನಾನು. ಅಂದಿನಿಂದ ಅಲ್ಲಿ ಯಾರೂ ಅಗೆದಿಲ್ಲ ಅಣ್ಣಾ. ಆಯಿಯನ್ನು ಇನ್ನೊಮ್ಮೆ ಹುಡುಕಿ ಎಂದರೆ ಹುಚ್ಚು ಎನ್ನುತ್ತಾರೆ. ಮಣ್ಣು ಪರೀಕ್ಷೆ ಎಂದರೆ ಅಗೆಯುತ್ತಾರೆ.

ಏನೂ ಸಿಗಲಿಲ್ಲ.

ದೇವು ದಿನಾ ಬೆಳಿಗ್ಗೆ ಫೋನು ಮಾಡುತ್ತಾನೆ. "ಮುಚ್ಚೂದಾ ತಂಗೀ? ದನ ಬಿದ್ದೀತು." ನಾಳೆ ಹೇಳುತ್ತೇನೆ ಎನ್ನುತ್ತೇನೆ. ಮುಚ್ಚು ಎನ್ನುವ ಮಾತು ನನ್ನ ಬಾಯಿಂದ ಹೊರಡುತ್ತಿಲ್ಲ. ಮಳೆಗೆ ಮುಂಚೆ ಒಮ್ಮೆ ಬಾ. ಮನೆ ಕಟ್ಟಲಿಕ್ಕಲ್ಲ. ಒಂದೊಂದು ಬುಟ್ಟಿ ಮಣ್ಣು ನಾವಿಬ್ಬರೇ ಹಾಕೋಣ.