ಇಪ್ಪತ್ನಾಲ್ಕು ಗಂಟೆಯ ಕ್ಯಾನು

ಮಾರ್ಚ್ 3, ಬೆಳಿಗ್ಗೆ 11

ಲ್ಯಾಬಿಗೆ ಇವತ್ತು ನಲವತ್ತೆರಡು ಮೂತ್ರದ ಸ್ಯಾಂಪಲ್. ಒಂದರ ಮೇಲೆ ಹೆಸರೇ ಇಲ್ಲ — ನರ್ಸ್ ಜೊತೆ ಜಗಳ. ಗೆದ್ದೆ. ನಲವತ್ಮೂರನೆಯದು ಅಣ್ಣನ ಕ್ಯಾನು. ಇಡೀ ದಿನದ್ದನ್ನು ಒಂದು ಹನಿ ಬಿಡದೆ ಹಿಡಿದಿಡು ಎಂದು ನಾಲ್ಕು ಸಲ ಹೇಳಿದ್ದೆ.

ಅವನ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆ. ಮೊದಲ ಸಲ ದಿನಕ್ಕೆ ಮೂರು ಗ್ರಾಂ. ಮಾತ್ರೆಯಿಂದ ಒಂದು ಗ್ರಾಮಿಗಿಂತ ಕೆಳಗಿಳಿದರೆ ಸರಿ. ಇಲ್ಲವಾದರೆ ಬಯಾಪ್ಸಿ, ಜೋರು ಔಷಧಿ, ಆರು ತಿಂಗಳು ಬಸ್ಸಿನ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ ಎಂದಿದ್ದಾರೆ ಡಾಕ್ಟರು. ಇಪ್ಪತ್ತೆರಡು ವರ್ಷದಿಂದ ಬಸ್ ಓಡಿಸುವವನು. ಭಾನುವಾರ ಒಂದು ದಿನ ಮನೆಯಲ್ಲಿ ಕೂತರೇ ಅತ್ತಿಗೆಯ ತಲೆ ತಿನ್ನುತ್ತಾನೆ.

11.40

ಆರುನೂರೈವತ್ತು ಮಿಲಿಗ್ರಾಂ! ಒಂದು ಗ್ರಾಮೂ ಇಲ್ಲ. ಕಣ್ಣಲ್ಲಿ ನೀರು ಬಂತು. ಅತ್ತಿಗೆಗೆ ಫೋನ್ ಮಾಡಿಯೇಬಿಟ್ಟೆ.

12.15

ಥತ್. ನನ್ನ ಬುದ್ಧಿಗಿಷ್ಟು... ಕ್ರಿಯಾಟಿನಿನ್ ನೋಡಿರಲೇ ಇಲ್ಲ. ಅದು ಮೂತ್ರದಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹೋಗುವಂಥದ್ದು. ಅಣ್ಣನ ಗಾತ್ರಕ್ಕೆ ಸಾವಿರದೈನೂರು ಮಿಲಿಗ್ರಾಂ ಇರಬೇಕು. ಇಲ್ಲಿ ಏಳುನೂರು. ಕ್ಯಾನಿನಲ್ಲಿರುವುದು ಅರ್ಧ ದಿನದ್ದು! ಇಡೀ ದಿನಕ್ಕೆ ಪ್ರೋಟೀನ್ ಒಂದು ಗ್ರಾಂ ದಾಟುವುದು ಖಂಡಿತ.

ರಿಪೋರ್ಟ್ ಕಳಿಸದೆ ಸುಮಾರು ಹೊತ್ತು ಕೂತೆ. ಒಳ್ಳೆಯ ಅಂಕಿ ಹೋದರೆ ಎಲ್ಲರಿಗೂ ಖುಷಿ, ಅಣ್ಣನ ಕಿಡ್ನಿಯೊಂದನ್ನು ಬಿಟ್ಟು. ‘ಸಂಗ್ರಹ ಅಪೂರ್ಣ’ ಎಂದು ಬರೆದು ಕಳಿಸಿದೆ.

ಸಂಜೆ

ಕ್ಯಾನನ್ನು ಡ್ಯೂಟಿಗೆ ಒಯ್ದೇ ಇಲ್ಲವಂತೆ ಮಹಾರಾಯ. ಕಂಡಕ್ಟರು ಏನೆಂದುಕೊಳ್ಳುತ್ತಾನೋ ಎಂಬ ನಾಚಿಕೆ.

“ಮೂರೇ ಸಲ ಕಣೇ ಬಿಟ್ಟಿದ್ದು. ಅದೂ ನಿಂಗೆ ಗೊತ್ತಾಗತ್ತಾ?”

“ನೀನು ಸುಳ್ಳು ಹೇಳ್ತೀಯ, ನಿನ್ನ ಕ್ಯಾನು ಹೇಳಲ್ಲ.”

ಅತ್ತಿಗೆ ನಕ್ಕರು. ಅವನು ನಗಲಿಲ್ಲ. ಅಂಗೈ ನೋಡಿಕೊಳ್ಳುತ್ತ ಕೂತಿದ್ದ. “ಬಸ್ ಬಿಡ್ಸಿದ್ರೆ ನಾನೇನ್ ಮಾಡ್ಲಿ ಹೇಳು,” ಅಂದ. ಬೈಯಬೇಕೆಂದಿದ್ದವಳು ಅವನ ಪಕ್ಕ ಹೋಗಿ ಕೂತೆ.

ಮಾರ್ಚ್ 5

ಡಾಕ್ಟರು ಮಾತ್ರೆ ಹೆಚ್ಚಿಸಿ ಆರು ವಾರ ಗಡುವು ಕೊಟ್ಟರು. ಉಪ್ಪು ಅರ್ಧಕ್ಕರ್ಧ ಕಡಿಮೆ. ಅತ್ತಿಗೆ ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಸಪ್ಪೆ ತಿನ್ನುವ ಶಿಕ್ಷೆ ನನಗೂ.

ಏಪ್ರಿಲ್ 17, ಮಧ್ಯಾಹ್ನ 2

ಈ ಸಲ ಕ್ಯಾನನ್ನು ಸೀಟಿನ ಪಕ್ಕದಲ್ಲೇ ಇಟ್ಟುಕೊಂಡಿದ್ದನಂತೆ. ಕಂಡಕ್ಟರಿಗೆ ತಾನೇ ಎಲ್ಲ ವಿವರಿಸಿದನಂತೆ. ಅವನೋ, ತನಗೂ ಶುಗರ್ ಇದೆ, ತಂಗಿಯ ಹತ್ತಿರ ಕೇಳಿ ತನಗೊಂದು ಟೆಸ್ಟ್ ಮಾಡಿಸು ಎಂದು ದುಂಬಾಲು ಬಿದ್ದನಂತೆ.

ಮೊದಲು ಕ್ರಿಯಾಟಿನಿನ್ ನೋಡಿದೆ. ಸಾವಿರದ ಐನೂರ ಇಪ್ಪತ್ತು. ಹನಿ ಬಿಟ್ಟಿಲ್ಲ, ಶಹಭಾಸ್. ಆಮೇಲೆ ಪ್ರೋಟೀನ್. ನಂಬಿಕೆ ಬಾರದೆ ಇನ್ನೊಮ್ಮೆ ಮೆಷಿನ್ನಿಗೆ ಹಾಕಿದೆ. ಅಷ್ಟೇ ಬಂತು. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ.

4.50, ಬಸ್ಸಿನಲ್ಲಿ

ಅವನ ಬಸ್ಸನ್ನೇ ಕಾದು ಹತ್ತಿದೆ. ಓಡಿಸುವವನಿಗೆ ಹೇಳಬಾರದು, ಗಮನ ತಪ್ಪಿದರೆ? ಕೊನೆಯ ಸ್ಟಾಪಿನಲ್ಲೇ ಹೇಳುವುದು. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಲೇ ಇದ್ದಾನೆ. ನಗು ತಡೆಯಲು ತಲೆ ಬಗ್ಗಿಸಿ ಬರೆಯುತ್ತಿದ್ದೇನೆ... ದೊಡ್ಡ ತಿರುವು. ಎಷ್ಟು ನಯವಾಗಿ ತಿರುಗಿಸಿದ! ನಿಂತವರು ಯಾರೂ ಅಲುಗಲಿಲ್ಲ.

ಬಂತು. ಇಂಜಿನ್ ಆಫ್. ಎಲ್ಲರೂ ಇಳಿದರು. ಇವನು ಮಾತ್ರ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದಾನೆ. ನಾನು ತಲೆ ಬಗ್ಗಿಸಿದ್ದನ್ನು ಕಂಡು ಏನು ತಿಳಿದನೋ, ತಿರುಗಿ ನೋಡುತ್ತಿಲ್ಲ. ಅಯ್ಯೋ, ಎಂಟುನೂರ ಇಪ್ಪತ್ತು ಕಣೋ ಅಣ್ಣ, ಒಂದು ಗ್ರಾಮೂ ಇಲ್ಲ, ಬರೀ ಎಂಟುನೂ—