ಖಾತ್ರಿಯಮ್ಮನನ್ನು ಕೇಳದೆ

ಧಾರವಾಡ
ಖಾತ್ರಿ ಶಕೆ ನೂರಾ ಎಂಬತ್ತೆಂಟು, ಎರಡನೆಯ ಬೇಸಿಗೆ

ದಾನೇಶ್ವರಿ ಅಜ್ಜಿಗೆ,

ಎಷ್ಟೋ ತಲೆಮಾರು ಹಿಂದೆ ಕೂತು ಈ ಪತ್ರ ಓದುವ ನಿನಗೆ ಇಪ್ಪತ್ನಾಲ್ಕು, ಬರೆಯುವ ನನಗೆ ಇಪ್ಪತ್ತೇಳು. ನನಗಿಂತ ಚಿಕ್ಕವಳನ್ನು ಅಜ್ಜಿ ಎನ್ನಬೇಕಾಗಿ ಬಂದಿದೆ, ಕ್ಷಮಿಸು. ನನ್ನ ಕೆಲವು ಮಾತುಗಳು ನಿನಗೆ ತಿಳಿಯಲಿಕ್ಕಿಲ್ಲ. ಅವು ನೀನು ಸತ್ತ ಮೇಲೆ ಹುಟ್ಟಿದವು. ಆದರೂ ಅವುಗಳಲ್ಲಿ ನಿನ್ನ ಪಾಲಿದೆ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಕಟ್ಟಿದ್ದಾರೆ, ಅಂದರೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ದೀಪ ಉರಿಸುವ ಚಪ್ಪರ. ರೊಟ್ಟಿಯನ್ನು ಈಗಲೂ ಕೈಯಲ್ಲೇ ಬಡಿಯುತ್ತೇವೆ. ಹಿಟ್ಟು ಮಾತ್ರ ಪಾಚಿಯದು, ಅವ್ವ ಅದನ್ನೇ ಜೋಳ ಎನ್ನುತ್ತಾಳೆ. ಓಣಿಗೊಬ್ಬಳು ಖಾತ್ರಿಯಮ್ಮ ಇದ್ದಾಳೆ. ಅವಳು ಹೆಂಗಸಲ್ಲ, ಯಂತ್ರ. ಇಪ್ಪತ್ತು ತುಂಬಿದವರು ಹೊಸ ಬಟ್ಟೆ ತೊಟ್ಟು ಅವಳ ಮುಂದೆ ಕೂರುತ್ತಾರೆ. ನೀನು ಏನಾಗುವೆ, ಏನಾಗಲಾರೆ ಎಂದು ಅವಳು ಹೇಳಿಬಿಡುತ್ತಾಳೆ. ಹೊರಗೆ ಬಂಧುಗಳು ಸಕ್ಕರೆ ಹಂಚುತ್ತಾರೆ. ಖಾತ್ರಿಯಾಗದವರಿಗೆ ಕೆಲಸವಿಲ್ಲ, ಬಾಡಿಗೆ ಮನೆಯಿಲ್ಲ, ಹೆಣ್ಣು ಕೊಡುವವರೂ ಇಲ್ಲ.

ನಾನು ಕುಸ್ತಿ ಆಡುತ್ತಿದ್ದೆ. ಗರಡಿಯ ಕೆಮ್ಮಣ್ಣು ಉಗುರಿನಿಂದ ಹೋಗುತ್ತಲೇ ಇರಲಿಲ್ಲ. ಗೆಲ್ಲುತ್ತಿದ್ದೆ, ಸೋಲುತ್ತಿದ್ದೆ. ಕಣಕ್ಕಿಳಿಯುವಾಗಲೆಲ್ಲ ಹೊಟ್ಟೆಯಲ್ಲಿ ತಳಮಳ. ಖಾತ್ರಿಯಮ್ಮ ಬಹಳ ಮೆತ್ತಗೆ ಹೇಳಿದಳು: "ಗುರುಬಾಯಿ, ನೀನು ಸಾಧಾರಣ ಕುಸ್ತಿಪಟು. ಅಷ್ಟಕ್ಕೇ ನಿಲ್ಲುವೆ." ಮರುದಿನ ನಾನು ಗರಡಿಗೆ ಹೋಗಲಿಲ್ಲ. ಆಮೇಲೆಯೂ ಹೋಗಲಿಲ್ಲ. ಅವಳ ಮಾತು ನಿಜವಾಯಿತು. ಅದು ಸುಳ್ಳಾದದ್ದೇ ಇಲ್ಲವೆಂದು ಊರೆಲ್ಲ ಹೊಗಳುತ್ತದೆ. ಹೇಗೆ ಸುಳ್ಳಾದೀತು? ಈಗ ನೆರಳುಬಟ್ಟೆ ಹೊಲಿಯುತ್ತೇನೆ. ತಳಮಳವಿಲ್ಲ, ಭಯವಿಲ್ಲ, ಬೆಳಗ್ಗೆ ಏಳಬೇಕೆಂಬ ಆಸೆಯೂ ಇಲ್ಲ.

ಶಾಲೆಯ ಮಕ್ಕಳನ್ನು ಮೂಲದನಿಯ ಕೋಣೆಗೆ ಕರೆದೊಯ್ಯುತ್ತಾರೆ. ಯಾರ ಪ್ರಶ್ನೆಗಳನ್ನು ಕೇಳಿ ಕೇಳಿ ಖಾತ್ರಿಯಮ್ಮ ಬೆಳೆದಳೋ ಅವರ ದನಿಗಳು ಅಲ್ಲಿವೆ. ನಿನ್ನದೂ ಇದೆ. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಫೋನನ್ನು ಕೇಳುತ್ತಿದ್ದೀ: "ನನ್ನ ಕೈಲೆ ಏನರ ಆಗತೈತೇನು? ಒಮ್ಮೆ ಖಾತ್ರಿ ಹೇಳಿಬಿಡ, ಸಾಕಾಗೇತಿ ನನಗ." ನಾನು ಶಾಲೆಯಲ್ಲಿದ್ದಾಗ ಅದನ್ನು ಕೇಳಿಸಿ ಮಾಸ್ತರರು ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. ಈಗ ಆ ದನಿ ನೆನೆದರೆ ಮೈ ಉರಿಯುತ್ತದೆ. ನಿನಗೆ ಅಳು ಬಂದಿತ್ತು, ಗೊತ್ತು. ಅತ್ತು, ಮುಖ ತೊಳೆದು, ಮತ್ತೆ ಪುಸ್ತಕ ಹಿಡಿಯಬಹುದಿತ್ತು. ನೀನೂ ನಿನ್ನ ಓರಗೆಯವರೂ ಬಿಡದೆ ಕೇಳಿದಿರಿ. ಉತ್ತರ ಬಂದದ್ದು ನಮ್ಮ ತಲೆಯ ಮೇಲೆ.

ಸೋಮವಾರ ನನ್ನ ತಮ್ಮ ಕಲ್ಮೇಶನ ಸರದಿ. ಅವನೂ ಕುಸ್ತಿಯವನೇ, ನನಗಿಂತ ಹೆಚ್ಚು ಸೋತವನು. ಖಾತ್ರಿಯಮ್ಮನ ಮುಂದೆ ಕೂರುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಅವ್ವ ಊಟ ಬಿಟ್ಟಿದ್ದಾಳೆ. "ಓಣ್ಯಾಗ ಹೆಂಗ ಮಾರಿ ತೋರಸಲಿ? ನೀನರ ಬುದ್ಧಿ ಹೇಳವಾ," ಎಂದು ನನ್ನನ್ನು ಅವನ ಬಳಿ ಕಳಿಸಿದಳು. ಅವನು ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ಹೇಳಿದ: "ಸೋತ್ರ ನಾನಽ ಸೋಲ್ತೀನಿ ಅಕ್ಕಾ. ಮೊದಲಽ ಹೇಳಾಕ ಆಕಿ ಯಾರು?" ಬುದ್ಧಿ ಹೇಳದೆಯೇ ಎದ್ದು ಬಂದೆ. ನಿಜ ಹೇಳಬೇಕೆಂದರೆ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಅದಕ್ಕೇ ಬೇಡುತ್ತೇನೆ, ಅಜ್ಜಿ. ಇನ್ನೊಮ್ಮೆ ಆ ಮೆಟ್ಟಿಲ ಮೇಲೆ ಕೂತಾಗ ಆ ಪ್ರಶ್ನೆ ಕೇಳಬೇಡ. ಮುಂದೇನೆಂದು ಗೊತ್ತಿಲ್ಲದೆ ಇರುವುದು ಸುಖವಲ್ಲ. ಆದರೂ ಹಾಗೆಯೇ ಇರು.

ಸೋಮವಾರ ಕಲ್ಮೇಶನ ಜೊತೆ ಗರಡಿಗೆ ಹೋಗುತ್ತೇನೋ, ಅವ್ವನ ಮುಖ ನೋಡಿ ಅವನನ್ನು ಖಾತ್ರಿಯಮ್ಮನ ಮುಂದೆಯೇ ಕೂರಿಸುತ್ತೇನೋ, ನನಗೆ ಗೊತ್ತಿಲ್ಲ. ಈ ಪತ್ರ ನಿನಗೆ ಮುಟ್ಟುತ್ತದೆಯೇ, ಮುಟ್ಟಿದರೂ ನೀನು ನನ್ನ ಮಾತು ಕೇಳುತ್ತೀಯೇ ಎಂದು ಖಾತ್ರಿಯಮ್ಮನನ್ನು ವಿಚಾರಿಸಬಹುದಿತ್ತು. ಇಲ್ಲಿ ವಿಚಾರಿಸದೆ ಯಾರೂ ಒಂದು ಕಾಗದವನ್ನೂ ಬರೆಯುವುದಿಲ್ಲ. ನಾನು ವಿಚಾರಿಸಿಲ್ಲ. ಹೊಟ್ಟೆಯಲ್ಲಿ ತಳಮಳ ಶುರುವಾಗಿದೆ.

ಗುರುಬಾಯಿ